128 ಕೆಬಿಗೆ ನಿಂತ ಫೋಟೋ: ಲಿಬ್‌ಪಿ2ಪಿ ಮತ್ತು ಐರೋ

ಲಿಬ್‌ಪಿ2ಪಿ, ಐರೋ ಎರಡೂ ಎರಡು ಕಂಪ್ಯೂಟರ್‌ಗಳನ್ನು ನೇರವಾಗಿ ಮಾತಾಡಿಸುವ ಸಾಫ್ಟ್‌ವೇರ್ ಲೈಬ್ರರಿಗಳು. ಮೊದಲೇ ಹೇಳಿಬಿಡುತ್ತೇನೆ, ನಾನೀಗ ಐರೋ ಪಾರ್ಟಿ. ಲಿಬ್‌ಪಿ2ಪಿ ಜೊತೆ ಮೂರು ವಾರ ಗುದ್ದಾಡಿದ ಮೇಲೆ ಬರೆಯುತ್ತಿರುವುದು, ಹಾಗಾಗಿ ಪಕ್ಷಪಾತ ಇದ್ದೇ ಇದೆ.

ಬೇಕಾಗಿದ್ದು ಸಣ್ಣ ಕೆಲಸ. ಸಾಗರದ ಮನೆಯಲ್ಲಿ ಅಪ್ಪ ಹಳೇ ಫೋಟೋ ಸ್ಕ್ಯಾನ್ ಮಾಡುತ್ತಾರೆ. ಯಾವ ಕ್ಲೌಡಿಗೂ ಹೋಗದೆ ಅವು ಬೆಂಗಳೂರಿನ ನನ್ನ ಲ್ಯಾಪ್‌ಟಾಪ್‌ಗೆ ಬರಬೇಕು. ಗೋ ಪ್ರೋಗ್ರಾಮಿಂಗ್ ಭಾಷೆ ಕೈಗೆ ಒಗ್ಗಿತ್ತು, ಲಿಬ್‌ಪಿ2ಪಿಯ ಗೋ ಆವೃತ್ತಿ ಗೋ-ಲಿಬ್‌ಪಿ2ಪಿ ತಗೊಂಡೆ.

ಎರಡೂ ನೋಡ್ (ಅಂದರೆ ಎರಡು ಕಡೆಯ ಕಂಪ್ಯೂಟರ್) ಒಂದನ್ನೊಂದು ಹುಡುಕಿಕೊಂಡವು. ಪಿಂಗ್ ಹೋಯಿತು, 'ಹಲೋ' ಹೋಯಿತು. ಫೋಟೋ ಮಾತ್ರ ಚೂರು ಬಂದು 'ಸ್ಟ್ರೀಮ್ ರೀಸೆಟ್' ಅಂತ, ಅಂದರೆ ಡೇಟಾ ಹರಿವು ಕಡಿದು, ಬಿದ್ದುಹೋಗುತ್ತಿತ್ತು. ಫೋನಿನಲ್ಲಿ ಅಪ್ಪ, "ಬಂತೇನೋ?" "ಇಲ್ಲಪ್ಪ, ಇನ್ನೊಂದ್ಸಲ ಒತ್ತಿ."

ಮೊದಲು ರೂಟರ್ ಮೇಲೆ ಅನುಮಾನ. ಹೊರಗಿನಿಂದ ಬರುವ ಸಂಪರ್ಕಕ್ಕೆ ರೂಟರ್‌ನಲ್ಲಿ ಬಾಗಿಲು ತೆಗೆಯುವ ಪೋರ್ಟ್ ಫಾರ್ವರ್ಡಿಂಗ್ ಮಾಡಿಸಿದೆ, ಅದೂ ವಿಡಿಯೋ ಕಾಲ್‌ನಲ್ಲಿ ಅಪ್ಪನ ಕೈಲಿ. ಏನೂ ಆಗಲಿಲ್ಲ. ಆಮೇಲೆ ರೂಟರ್‌ನ ವ್ಯಾನ್ (ಹೊರಗಿನ ಕಡೆಯ) ವಿಳಾಸ ನೋಡಿದರೆ 100.72 ಅಂತ ಶುರು. 100.64ರಿಂದ 100.127ರೊಳಗೆ ಬಂದರೆ ಅದು ಸಿಜಿನ್ಯಾಟ್, ಅಂದರೆ ಕಂಪನಿಯೇ ಹಲವು ಮನೆಗಳಿಗೆ ವಿಳಾಸ ಹಂಚುವ ವ್ಯವಸ್ಥೆ. ಅಸಲಿ ಸಾರ್ವಜನಿಕ ವಿಳಾಸ ಇಂಟರ್ನೆಟ್ ಕಂಪನಿಯ ಕಡೆ ಇರುತ್ತದೆ, ಹಲವು ಮನೆಗೆ ಸೇರಿ ಒಂದು. ನಾವು ಮನೆ ಬಾಗಿಲು ತೆಗೆದರೂ ಬೀದಿ ಗೇಟಿಗೆ ಬೀಗ.

ಮೂರನೇ ವಾರ ಸುಮ್ನೆ ಅರ್ಧಂಬರ್ಧ ಫೈಲ್‌ಗಳ ಸೈಜ್ ನೋಡಿದೆ. ಎಲ್ಲವೂ 128 ಕೆಬಿ ಆಸುಪಾಸು! ಅಲ್ಲಿಗೆ ಕಳ್ಳ ಸಿಕ್ಕಿದ. ನೇರ ದಾರಿ ಸಿಗದೆ ನಮ್ಮ ಸಂಪರ್ಕ ಯಾರದೋ ಸಾರ್ವಜನಿಕ ರಿಲೇ (ಮಧ್ಯೆ ನಿಂತು ಡೇಟಾ ದಾಟಿಸುವ ಕಂಪ್ಯೂಟರ್) ಮೂಲಕ ಹೋಗುತ್ತಿತ್ತು. ನೋಡ್‌ನ ವಿಳಾಸದಲ್ಲಿ 'ಪಿ2ಪಿ-ಸರ್ಕಿಟ್' ಅಂತ ಬರೆದೇ ಇತ್ತು, ನಾನು ಗಮನಿಸಿರಲಿಲ್ಲ. ಲಿಬ್‌ಪಿ2ಪಿ ರಿಲೇಯ ಎರಡನೇ ಆವೃತ್ತಿಯಲ್ಲಿ ಡಿಫಾಲ್ಟ್ ಮಿತಿ 2 ನಿಮಿಷ, ಒಂದೊಂದು ದಿಕ್ಕಿಗೆ 128 ಕೆಬಿ. ರಿಲೇ ಇರುವುದು ಇಬ್ಬರಿಗೂ ಪರಿಚಯ ಮಾಡಿಸುವುದಕ್ಕೆ. ಆಮೇಲೆ ಹೋಲ್ ಪಂಚಿಂಗ್ ಮಾಡಿ, ಅಂದರೆ ಎರಡೂ ಕಡೆಯಿಂದ ಒಟ್ಟಿಗೆ ಪ್ರಯತ್ನಿಸಿ ರೂಟರ್‌ಗಳಲ್ಲಿ ಕಿಂಡಿ ಕೊರೆದು, ನೇರ ದಾರಿ ಹಿಡಿಯಬೇಕು. ನಾನು ಕೂತಿದ್ದು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ. ಅಲ್ಲಿನ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ವ್ಯವಸ್ಥೆ) ಒಬ್ಬೊಬ್ಬರ ಜೊತೆ ಮಾತಾಡುವಾಗಲೂ ಬೇರೆ ಬೇರೆ ಪೋರ್ಟ್ (ಬಾಗಿಲ ನಂಬರ್) ಕೊಡುತ್ತದೆ. ರಿಲೇಗೆ ಕಂಡ ಪೋರ್ಟ್ ಅಪ್ಪನ ಕಡೆಗೆ ಉಪಯೋಗಕ್ಕಿಲ್ಲ, ಹಾಗಾಗಿ ನೇರ ದಾರಿ ಆಗಲೇ ಇಲ್ಲ.

ತಪ್ಪು ನನ್ನದೂ ಇದೆ. ಇಂಥ ಮಿತಿಯುಳ್ಳ ಸಂಪರ್ಕದ ಮೇಲೆ ಸ್ಟ್ರೀಮ್ ತೆಗೆಯಲು 'ವಿತ್‌ಅಲೋಲಿಮಿಟೆಡ್‌ಕಾನ್' ಅಂತ ಕೋಡ್‌ನಲ್ಲಿ ನಾವೇ ಒಪ್ಪಿಗೆ ಕೊಡಬೇಕು. ಎಲ್ಲಿಂದಲೋ ಕಾಪಿ ಮಾಡಿದ ಸಾಲಿನಲ್ಲಿ ಅದಿತ್ತು. ಓದದೇ ಅಂಟಿಸಿದ್ದೆ.

ನಮ್ಮದೇ ರಿಲೇ ನಡೆಸಿದರೆ ಮಿತಿ ತೆಗೆಯಬಹುದು. ಅದಕ್ಕೆ ತಿಂಗಳಿಗೆ ಐನೂರು ರೂಪಾಯಿಯ ವಿಪಿಎಸ್ (ಬಾಡಿಗೆ ಸರ್ವರ್) ಬೇಕು. ಫೋಟೋಗೆ ಅಷ್ಟು ಖರ್ಚಾ? ಮನಸ್ಸಾಗಲಿಲ್ಲ.

ಐರೋ ಬರೆದಿರುವುದು ರಸ್ಟ್ ಭಾಷೆಯಲ್ಲಿ, ನನಗೆ ರಸ್ಟ್ ಬರುತ್ತಿರಲಿಲ್ಲ. ಅದಕ್ಕೇ ಮೊದಲು ಅದರ ಮೇಲೆ ಕಟ್ಟಿದ, ಫೈಲ್ ಕಳಿಸುವ ಸಿದ್ಧ ಪ್ರೋಗ್ರಾಂ ಸೆಂಡ್‌ಮಿ ಓಡಿಸಿದೆ. ಒಂದು ಉದ್ದನೆಯ ಟಿಕೆಟ್ ಕೊಡುತ್ತದೆ, ಅಪ್ಪ ಅದನ್ನು ವಾಟ್ಸಾಪ್ ಮಾಡಿದರು, ಮುಗೀತು. ಅದೇ ಹಾಟ್‌ಸ್ಪಾಟ್‌ನಲ್ಲಿ ಇದಕ್ಕೂ ನೇರ ದಾರಿ ಸಿಗಲಿಲ್ಲ, ಸುಳ್ಳು ಹೇಳಲ್ಲ. ಆದರೆ ರಿಲೇ ಮೇಲೇ ತೆವಳಿಕೊಂಡು 4 ಎಂಬಿ ಪೂರ್ತಿ ಬಂತು. ಮನೆಯ ಫೈಬರ್‌ನಲ್ಲಿ ರಿಲೇಯಿಂದ ಶುರುವಾಗಿ ಮಧ್ಯದಲ್ಲೇ ನೇರಕ್ಕೆ ಜಿಗಿಯಿತು, ಫೈಲ್‌ಗೆ ಗೊತ್ತೇ ಆಗಲಿಲ್ಲ. ಲಿಬ್‌ಪಿ2ಪಿಯಲ್ಲಿ ನೇರ ಸಂಪರ್ಕ ಅಂದರೆ ಬೇರೆಯೇ ಹೊಸ ಸಂಪರ್ಕ, ಹಳೇ ಸ್ಟ್ರೀಮ್ ರಿಲೇ ಮೇಲೇ ಉಳಿಯುತ್ತದೆ.

ನನ್ನದೇ ಕೋಡ್ ಬರೆದಾಗ ಐರೋ ಕೂಡ ಒಂದು ಸಂಜೆ ತಿಂದಿತು: ಎರಡೂ ಕಡೆ ಎಎಲ್‌ಪಿಎನ್ ಹೆಸರು (ಯಾವ ಪ್ರೋಟೋಕಾಲ್‌ನಲ್ಲಿ ಮಾತಾಡುತ್ತೇವೆಂಬ ಗುರುತು) ಅಕ್ಷರಕ್ಷರ ಒಂದೇ ಇರಬೇಕು.

ಭಾಷೆಗಳ ಆಯ್ಕೆ ಲಿಬ್‌ಪಿ2ಪಿಯಲ್ಲೇ ಜಾಸ್ತಿ. ಈಥೀರಿಯಂ ಎಂಬ ಕ್ರಿಪ್ಟೋ ಜಾಲದಲ್ಲಿ ಒಮ್ಮತ (ಕನ್ಸೆನ್ಸಸ್) ನೋಡಿಕೊಳ್ಳುವ ನೋಡ್‌ಗಳು ಅದರ ಮೇಲೇ ಮಾತಾಡುವುದು, ಅಷ್ಟು ಗಟ್ಟಿ. ಬ್ರೌಸರ್‌ನಲ್ಲಿ ಓಡಿಸಬೇಕಿದ್ದರೆ ಇಂದಿಗೂ ಅದನ್ನೇ ಹಿಡಿಯುತ್ತಿದ್ದೆ. ನನಗೆ ಬೇಕಾಗಿದ್ದು ಎರಡು ಮನೆ, ಸೊನ್ನೆ ಬಜೆಟ್, ರಾತ್ರಿ ಒಂದು ಗಂಟೆ ಬಿಡುವು. ಐರೋದ ಸಾರ್ವಜನಿಕ ರಿಲೇಗಳಲ್ಲೂ ವೇಗಕ್ಕೆ ಕಡಿವಾಣ ಇದೆ. ಅಪ್ಪ ಮದುವೆ ವಿಡಿಯೋ ಕ್ಯಾಸೆಟ್‌ಗಳಿಗೆ ಕೈ ಹಾಕಿದ ದಿನ ನಮ್ಮದೇ ರಿಲೇಗೆ ಆ ಐನೂರು ಕೊಡಬೇಕಾಗಬಹುದು.