ಅಧ್ಯಾಯಗಳ ಪರಿಚಯವಿರುವ ಕನ್ನಡ ಕುರ್‌ಆನ್: ಗಂಜ್‌ನ ಗುಮಾಸ್ತನೊಬ್ಬನ ಓದು

ಕಲಬುರಗಿಯ ಖ್ವಾಜಾ ಬಂದೇನವಾಜ ದರ್ಗಾದ ಕಡೆಗೆ ಹೋಗುವ ದಾರಿಯ ಒಂದು ಚಿಕ್ಕ ಅಂಗಡಿಯಲ್ಲಿ, ಪ್ರತಿ ಅಧ್ಯಾಯದ ಮೊದಲಿಗೂ ಪರಿಚಯ ಬರಹವಿರುವ ಕುರ್‌ಆನ್‌ನ ಕನ್ನಡ ಅನುವಾದವನ್ನು ಕೊಂಡು ಐದು ತಿಂಗಳಾಯಿತು. ಗಂಜ್‌ನ (ಧಾನ್ಯದ ಪೇಟೆಯ) ತೊಗರಿ ಅಡತಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಉರ್ದು ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಅರಬ್ಬಿಯಂತೂ ದೂರದ ಮಾತು. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತ ಅಂಗಡಿಯ ಹಿರಿಯರು, “ಹಿಂದಿನಿಂದ ಓದ್ರಿ ಸರ, ಅಲ್ಲಿ ಸಣ್ಣ ಸಣ್ಣ ಸೂರಾ ಅವ” ಎಂದರು. ಆ ಸಲಹೆ ಎಷ್ಟು ಸರಿಯಾಗಿತ್ತು ಎಂಬುದು ಓದುತ್ತ ಹೋದಂತೆ ತಿಳಿಯಿತು.

ಕುರ್‌ಆನ್‌ನ 114 ಸೂರಾಗಳು, ಅಂದರೆ ಅಧ್ಯಾಯಗಳು, ಅವತರಿಸಿದ ಕಾಲಕ್ರಮದಲ್ಲಿ ಇಲ್ಲ. 7 ವಚನಗಳ ಪ್ರಾರ್ಥನೆಯಾದ ಅಲ್ ಫಾತಿಹಾದ ನಂತರ, ಹೆಚ್ಚುಕಡಿಮೆ ದೊಡ್ಡವು ಮೊದಲು, ಚಿಕ್ಕವು ಕೊನೆಗೆ ಬರುತ್ತವೆ. ಎರಡನೆಯದಾದ ಅಲ್ ಬಕರದಲ್ಲಿ 286 ವಚನಗಳಿದ್ದರೆ, 108ನೆಯದಾದ ಅಲ್ ಕೌಸರ್‌ನಲ್ಲಿ ಮೂರೇ. ಮೊದಲು ಅವತರಿಸಿದವೆಂದು ಪರಂಪರೆ ಹೇಳುವ ‘ಓದು’ ಎಂಬ ಕರೆಯ ವಚನಗಳು 96ನೆಯ ಅಧ್ಯಾಯದಲ್ಲಿವೆ. ಅಧ್ಯಾಯವು ಅವತರಿಸಿದ್ದು ಮಕ್ಕಾದ ಕಾಲದಲ್ಲೋ ನಂತರದ ಮದೀನಾದ ಕಾಲದಲ್ಲೋ ಎಂದು ಪರಿಚಯದ ಮೊದಲ ಸಾಲಿನಲ್ಲೇ ಹೇಳಿರುವುದು ಈ ಆವೃತ್ತಿಯ ದೊಡ್ಡ ಉಪಕಾರ: ಮಕ್ಕಾದವುಗಳಲ್ಲಿ ದೇವರ ಏಕತ್ವ, ಮರಣಾನಂತರದ ವಿಚಾರಣೆ, ಹಿಂದಿನ ಪ್ರವಾದಿಗಳ ಕಥನಗಳು ಮುಂದೆ ನಿಲ್ಲುತ್ತವೆ, ಮದೀನಾದವುಗಳಲ್ಲಿ ಮದುವೆ, ಆಸ್ತಿ ಹಂಚಿಕೆ, ವ್ಯವಹಾರ, ಯುದ್ಧ, ಒಪ್ಪಂದಗಳ ವಿಧಿಗಳು ಸೇರಿಕೊಳ್ಳುತ್ತವೆ.

ನನ್ನನ್ನು ತಡೆದು ನಿಲ್ಲಿಸಿದ್ದು 83ನೆಯ ಅಧ್ಯಾಯವಾದ ಅಲ್ ಮುತಫ್ಫಿಫೀನ್. ತಾವು ಪಡೆಯುವಾಗ ತುಂಬಿದ ಅಳತೆಯನ್ನು ಕೇಳಿ, ಕೊಡುವಾಗ ಅಳತೆಯಲ್ಲೂ ತೂಕದಲ್ಲೂ ಕಡಿಮೆ ಮಾಡುವವರಿಗೆ ಕೇಡನ್ನು ಸಾರುತ್ತ ಅದು ಆರಂಭವಾಗುತ್ತದೆ. ಆ ಜನರಿಗೆ ತಾವು ಮತ್ತೆ ಎಬ್ಬಿಸಲ್ಪಡುವೆವೆಂಬ ನೆನಪಿಲ್ಲವೇ ಎಂದು ಕೇಳುತ್ತದೆ. ತೂಕದ ಕಾಟಾದ ಮುಂದೆ ದಿನ ಕಳೆಯುವವನಿಗೆ ಇದು ತನ್ನ ಕಸುಬಿನ ಮಾತೇ. ಅಲ್ ಬಕರದ 282ನೆಯ ವಚನವೂ, ಇಡೀ ಗ್ರಂಥದಲ್ಲೇ ಅತಿ ದೀರ್ಘವಾದದ್ದು, ಸಾಲದ ಬರಹವನ್ನೇ ಕುರಿತದ್ದು: ಅವಧಿಯ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಲಗಾರನೇ ಹೇಳಿ ಬರೆಸಬೇಕು, ಅವನು ಅಶಕ್ತನಾದರೆ ಅವನ ಪೋಷಕನು ಬರೆಸಬೇಕು, ಮೊತ್ತ ಚಿಕ್ಕದೆಂದು ಬೇಸರಿಸಬಾರದು, ಬರೆದವನಿಗೂ ಸಾಕ್ಷಿಗಳಿಗೂ ತೊಂದರೆಯಾಗಬಾರದು. ಅದಕ್ಕೆ ಎರಡು ವಚನ ಮೊದಲೇ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಗಡುವು ಕೊಡಬೇಕೆಂದೂ, ಬಿಟ್ಟುಕೊಡುವುದು ಇನ್ನೂ ಒಳ್ಳೆಯದೆಂದೂ ಇದೆ. ತೊಗರಿ ಕೈಕೊಟ್ಟ ವರ್ಷಗಳ ಖಾತೆಗಳನ್ನು ಬರೆದ ನಾನು ಆ ಪುಟಕ್ಕೆ ಹಲವು ಸಲ ಮರಳಿದ್ದೇನೆ.

ಪುಸ್ತಕದ ಕೊರತೆಯೂ ಇಲ್ಲಿಯೇ ಕಾಣುತ್ತದೆ. 55ನೆಯ ಅಧ್ಯಾಯವಾದ ಅರ್ರಹ್ಮಾನ್‌ನಲ್ಲಿ, ದೇವರು ಆಕಾಶವನ್ನು ಎತ್ತಿ ತಕ್ಕಡಿಯನ್ನು ಸ್ಥಾಪಿಸಿದನೆಂದೂ ತೂಕದಲ್ಲಿ ಮೋಸ ಮಾಡಬಾರದೆಂದೂ ಹೇಳಿದೆ; 11ನೆಯದಾದ ಹೂದ್‌ನಲ್ಲಿ ಪ್ರವಾದಿ ಶುಐಬರು ಮದ್ಯನ್ ಜನರಿಗೆ ಇದನ್ನೇ ಬೋಧಿಸುತ್ತಾರೆ. ಮೂರನ್ನೂ ಜೋಡಿಸುವ ಒಂದು ಸೂಚನೆಯಾಗಲಿ, ಕೊನೆಯಲ್ಲಿ ವಿಷಯಸೂಚಿಯಾಗಲಿ ಇಲ್ಲದ್ದರಿಂದ ನಾನೇ ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕಾಯಿತು. ಅಲ್ ಬಕರದಂಥ ವಿಸ್ತಾರವಾದ ಅಧ್ಯಾಯಕ್ಕೆ ಒಂದೂವರೆ ಪುಟದ ಪರಿಚಯ ಸಾಲದು. 9ನೆಯ ಅಧ್ಯಾಯದ ಆರಂಭದಲ್ಲಿ ಮಾತ್ರ, ಉಳಿದೆಲ್ಲ ಅಧ್ಯಾಯಗಳ ಮೊದಲಿಗಿರುವ ‘ದೇವರ ಹೆಸರಿನಲ್ಲಿ’ ಎಂಬ ಬಿಸ್ಮಿಲ್ಲಾ ವಾಕ್ಯ ಏಕಿಲ್ಲ ಎಂಬುದಕ್ಕೆ ಒಂದು ಟಿಪ್ಪಣಿಯೂ ಇಲ್ಲ. ಮೊದಲ ಸಲ ಓದುವವರು ಅದನ್ನು ಮುದ್ರಣದೋಷವೆಂದೇ ಭಾವಿಸಿಯಾರು.

ಅನುವಾದದ ಕನ್ನಡ ಸರಳವಾಗಿದೆ, ಕಥನವಿರುವಲ್ಲಿ ಸೊಗಸಾಗಿದೆ. ಒಂದೇ ಕಥೆಯನ್ನು 111 ವಚನಗಳಲ್ಲಿ ಹೇಳುವ ಯೂಸುಫ್ ಅಧ್ಯಾಯವನ್ನು ಒಂದೇ ರಾತ್ರಿ ಓದಿ ಮುಗಿಸಿದೆ. ಅರ್ರಹ್ಮಾನ್‌ನಲ್ಲಿ 31 ಸಲ ಬರುವ ಪಲ್ಲವಿ ಮಾತ್ರ ಗದ್ಯದಲ್ಲಿ ಭಾರವಾಗಿದೆ. ಅಕ್ಷರ ಚಿಕ್ಕದು, ಮೂರನೆಯ ತಿಂಗಳಿಗೇ ಬೈಂಡಿಂಗ್ ಸಡಿಲವಾಯಿತು. ಅಂಗಡಿಯವರು ಹಣ ಪಡೆಯದೆ ಹೊಲಿಸಿಕೊಟ್ಟರು. ಅರಬ್ಬಿ ಬಾರದ ಕನ್ನಡಿಗರು ಯಾವ ಅಳುಕೂ ಇಲ್ಲದೆ ಇದನ್ನು ಕೊಳ್ಳಬಹುದು, ಜೊತೆಗೊಂದು ನೋಟುಬುಕ್ಕನ್ನೂ ಇಟ್ಟುಕೊಳ್ಳಬೇಕು. ದೊಡ್ಡಕ್ಷರದ ಪ್ರತಿ ಬಂದರೆ ತಿಳಿಸಿರೆಂದು ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ. ಅದು ನನ್ನ ತಂದೆಯವರಿಗೆ.