ಪೋರ್ಟಲ್, ಪರಿಚಯ, ವಾಕ್-ಇನ್: ಕಾರವಾರದಲ್ಲಿ ಕೂತು ಕೆಲಸ ಹುಡುಕುವವರಿಗೆ

ಔಷಧ ಕಂಪನಿಯ ಕ್ಯೂಸಿ ಲ್ಯಾಬ್‌ನಲ್ಲಿ, ಅಂದರೆ ಔಷಧದ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿ, ಪಳಗಿದ ಕಾರವಾರದವರು ಕೆಲಸ ಬದಲಿಸಬೇಕೆಂದರೆ ಮೊದಲು ನೋಡುವುದು ಔಷಧ ಕಾರ್ಖಾನೆಗಳಿರುವ ಗೋವಾದ ವೆರ್ಣಾ ಕಡೆಗೆ. ಈ ಸಲ ನಾನೂ ಹಾಗೇ ಹುಡುಕಿದೆ. ಕೆಲಸದ ಪೋರ್ಟಲ್, ಪರಿಚಯದವರು, ವಾಕ್-ಇನ್ (ಕಂಪನಿ ಹೇಳಿದ ದಿನ ನೇರವಾಗಿ ಹೋಗಿ ಕೊಡುವ ಸಂದರ್ಶನ) ಮೂರನ್ನೂ ಜೊತೆಜೊತೆಗೆ ನಡೆಸಿದೆ. ಕೆಲಸ ಯಾವುದರಿಂದ ಸಿಗುತ್ತದೆ ಅನ್ನುವುದು ಒಂದು ಲೆಕ್ಕ. ಹುಡುಕುವಾಗ ಹುರುಪು ಯಾವುದರಿಂದ ಉಳಿಯುತ್ತದೆ ಅನ್ನುವುದು ಇನ್ನೊಂದು.

ಪೋರ್ಟಲ್‌ನಲ್ಲಿ ಆರಾಮ ಜಾಸ್ತಿ. ಹೊರಗೆ ಕರಾವಳಿಯ ಮಳೆ ಸುರಿಯುತ್ತಿದ್ದರೂ ಒಳಗೆ ಕೂತು ಅರ್ಜಿ ಒತ್ತುತ್ತಾ ಹೋಗಬಹುದು. ತೊಂದರೆ ಇರುವುದೂ ಅಲ್ಲೇ. ಸಂಜೆ ಹೊತ್ತಿಗೆ ತುಂಬಾ ದುಡಿದೆ ಅನ್ನಿಸುತ್ತದೆ, ಒಬ್ಬರ ಜೊತೆಯೂ ಮಾತಾಡಿರುವುದಿಲ್ಲ. ಹಾಗಂತ ಬಿಡುವಂತಿಲ್ಲ. ನೌಕರಿ ಡಾಟ್ ಕಾಮ್‌ನಲ್ಲಿ ಇತ್ತೀಚೆಗೆ ಯಾರು ಚುರುಕಾಗಿದ್ದಾರೆ ಅಂತ ಕಂಪನಿಯವರು ಸೋಸಿ ನೋಡಬಹುದು. ಅದಕ್ಕೇ ಪ್ರೊಫೈಲ್‌ನಲ್ಲಿ ಆಗಾಗ ಒಂದು ಸಾಲನ್ನಾದರೂ ತಿದ್ದಬೇಕು. ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಹಳೆ ಕಂಪನಿಯಲ್ಲಿ ದುಡಿಯಬೇಕಾದ ಅವಧಿ) ಖಾಲಿ ಬಿಡಬೇಡಿ, ಅದನ್ನೂ ಸೋಸುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುತ್ತಿದ್ದೇನೆ ಅಂತ ತೋರಿಸುವ 'ಓಪನ್ ಟು ವರ್ಕ್' ಗುರುತನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆಯೂ ಇಡಬಹುದು. ಈಗಿನ ಕಂಪನಿಯವರಿಗೆ ಖಂಡಿತ ಗೊತ್ತಾಗುವುದಿಲ್ಲ ಅಂತ ಮಾತ್ರ ನಂಬಿ ಕೂರಬೇಡಿ. ನಾನು ಪೋರ್ಟಲ್‌ಗೆ ಕೊಡುತ್ತಿದ್ದದ್ದು ಬೆಳಗಿನ ಚಹಾದಿಂದ ತಿಂಡಿಯವರೆಗಿನ ಹೊತ್ತು ಅಷ್ಟೇ. ಜಾಸ್ತಿ ಕೊಟ್ಟರೆ ಜಾಸ್ತಿ ಫಲ ಅಂತೇನೂ ಕಾಣಲಿಲ್ಲ.

ಪರಿಚಯದವರಿಗೆ ಫೋನ್ ಮಾಡಲು ನಮ್ಮವರಿಗೆ ಸಂಕೋಚ. ಕೈ ಚಾಚಿದ ಹಾಗಾಗುತ್ತದಲ್ಲ ಅಂತ. ಆದರೆ ಎಷ್ಟೋ ಕಂಪನಿಗಳಲ್ಲಿ ಒಳಗಿನವರು ಹೆಸರು ಕೊಟ್ಟು ಆಳು ಸೇರಿದರೆ ಅವರಿಗೂ ದುಡ್ಡು ಸಿಗುತ್ತದೆ, ಹಾಗಾಗಿ ಲಾಭ ಇಬ್ಬರಿಗೂ ಇದೆ. "ಏನಾದರೂ ಇದ್ದರೆ ಹೇಳಿ ಅಣ್ಣಾ" ಅಂದರೆ "ಆಯ್ತು ನೋಡೋಣ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಯಾವ ಹುದ್ದೆ, ಎಷ್ಟು ವರ್ಷದ ಅನುಭವ, ಯಾವ ಯಂತ್ರದಲ್ಲಿ ಕೈ ಕುದುರಿದೆ ಅಂತ ಎರಡು ಸಾಲು ಬರೆದು, ರೆಸ್ಯೂಮೆ ಸೇರಿಸಿ ವಾಟ್ಸಾಪ್ ಮಾಡಿದರೆ ಅವರಿಗೆ ಹಾಗೇ ಮುಂದೆ ಕಳಿಸಲು ಸುಲಭ. ಕರೆಗಳು ಬಂದದ್ದು ಹೆಚ್ಚಾಗಿ ಈ ದಾರಿಯಿಂದಲೇ. ಕೊರತೆ ಒಂದೇ, ಅವರ ಪುರುಸೊತ್ತಿಗೆ ನಾವು ಕಾಯಬೇಕು.

ಕನ್ಸಲ್ಟೆನ್ಸಿ ಅಂತಲೂ ಒಂದಿದೆ. ಒಬ್ಬರು ನೋಂದಣಿಗೆ ಮುಂಗಡ ದುಡ್ಡು ಕೇಳಿದರು. ಅಲ್ಲಿಗೇ ಕೈಬಿಟ್ಟೆ.

ನನ್ನ ಮತ ವಾಕ್-ಇನ್‌ಗೆ. ಎಷ್ಟೋ ವಾಕ್-ಇನ್ ಶನಿವಾರ, ಭಾನುವಾರ ಇರುತ್ತವೆ, ಇರುವ ಕೆಲಸಕ್ಕೆ ರಜೆ ಹಾಕಬೇಕಿಲ್ಲ. ಕಾರವಾರದ ರೈಲು ನಿಲ್ದಾಣ ಇರುವುದು ಊರ ಹೊರಗೆ ಶಿರವಾಡದಲ್ಲಿ, ಬೆಳಿಗ್ಗೆ ಅಲ್ಲಿಗೆ ಮುಟ್ಟುವುದೇ ಒಂದು ಸಾಹಸ. ಬಸ್ಸಾದರೆ ಮಾಜಾಳಿ ದಾಟಿ, ಕಾಣಕೋಣದ ಮೇಲೆ ಮಡಗಾಂವ್, ಅಲ್ಲಿಂದ ವೆರ್ಣಾ. ಸಂಬಳದ ಚೀಟಿ, ಆಧಾರ್, ಪ್ಯಾನ್, ಅಂಕಪಟ್ಟಿಗಳ ಜೆರಾಕ್ಸ್ ಹಿಂದಿನ ರಾತ್ರಿಯೇ ಫೈಲಿಗೆ ಸೇರಿರಬೇಕು. ಗೇಟಿನಲ್ಲಿ ಕೊಂಕಣಿಯಲ್ಲಿ ಮಾತಾಡಿದರೆ ಸೆಕ್ಯುರಿಟಿಯವರೂ ಸ್ವಲ್ಪ ನಗುತ್ತಾರೆ.

ಸಾಲಿನಲ್ಲಿ ಕಾಯುವಾಗಲೇ ಅರ್ಧ ಕಲಿಕೆ ಆಗುತ್ತದೆ. ಒಳಗೆ ಹೋಗಿ ಬಂದವರನ್ನು ಕೇಳಿದರೆ ಸಾಕು. ಎಚ್‌ಪಿಎಲ್‌ಸಿಯಲ್ಲಿ (ಔಷಧದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಪೀಕ್, ಅಂದರೆ ಗ್ರಾಫಿನ ಏರು, ಸರಿ ಬರದಿದ್ದರೆ ಏನು ನೋಡ್ತೀರಿ, ರಿಸಲ್ಟ್ ಮಿತಿ ಮೀರಿದರೆ ಮೊದಲು ಯಾರಿಗೆ ತಿಳಿಸ್ತೀರಿ, ಲ್ಯಾಬ್ ದಾಖಲೆಯಲ್ಲಿ ತಪ್ಪಾದ ಎಂಟ್ರಿಯನ್ನು ಹೇಗೆ ತಿದ್ದುತ್ತೀರಿ. ಪ್ರಶ್ನೆಗಳು ಸುತ್ತುವುದು ಇವುಗಳ ಸುತ್ತಲೇ. ಕೊನೆಯದಕ್ಕೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಕಾರಣ, ಸಹಿ, ತಾರೀಕು ಹಾಕಬೇಕು ಅಂತ ಗಟ್ಟಿಯಾಗಿ ಹೇಳಲು ಬರಬೇಕು. ದಿನಾ ಮಾಡುವ ಕೆಲಸವೇ, ಆದರೂ ಎದುರಿಗೆ ಮೂವರು ಕೂತಾಗ ಬಾಯಿ ತಡವರಿಸುತ್ತದೆ. ಆಯ್ಕೆ ಆಗದಿದ್ದರೂ ಮುಂದಿನ ವಾರಕ್ಕೆ ಏನು ಓದಬೇಕು ಅನ್ನುವುದು ಖಚಿತವಾಗುತ್ತದೆ. ಪೋರ್ಟಲ್ ಇದನ್ನು ಎಂದೂ ಹೇಳುವುದಿಲ್ಲ.

ಈ ಲೆಕ್ಕ ಕಾರವಾರ, ಅಂಕೋಲಾದವರಿಗೆ ಸರಿ. ಶಿರಸಿಯಲ್ಲಿ ರೈಲೇ ಇಲ್ಲ. ಅಲ್ಲಿನ ನನ್ನ ಗೆಳೆಯನಿಗೆ ವೆರ್ಣಾ ವಾಕ್-ಇನ್ ಅಂದರೆ ಹಿಂದಿನ ದಿನವೇ ಘಟ್ಟ ಇಳಿದು ಎಲ್ಲಾದರೂ ರಾತ್ರಿ ಕಳೆಯುವ ಖರ್ಚು. ಅವನು ಫೋನನ್ನೇ ನೆಚ್ಚಿಕೊಂಡಿದ್ದಾನೆ. ಸಂದರ್ಶನದ ದಿನ ಪಕ್ಕಾ ಆದ ಮೇಲೆ ಮಾತ್ರ ಬಸ್ ಹತ್ತುತ್ತಾನೆ.