ಕನ್ಸೋಲ್, ಸೇವ್ ಫೈಲ್, ಸ್ವಂತ ಮಾಡ್: ಹೊಯ್ಸಳರ ವಂಶವೃಕ್ಷ ಸರಿಪಡಿಸಲು ಯಾವುದು ವಾಸಿ?

ಮಧ್ಯಯುಗದ ರಾಜವಂಶಗಳನ್ನು ಆಡಿಸುವ ಕಂಪ್ಯೂಟರ್ ಆಟ ಕ್ರುಸೇಡರ್ ಕಿಂಗ್ಸ್ 3ರಲ್ಲಿ ಆಟ ಶುರುವಾಗುವ ವರ್ಷವಾಗಿ 1178 ಆರಿಸಿಕೊಂಡರೆ ಹೊಯ್ಸಳರ ರಾಜಧಾನಿ ದ್ವಾರಸಮುದ್ರದಲ್ಲಿ ಇರಬೇಕಾದವನು ಇಮ್ಮಡಿ ವೀರಬಲ್ಲಾಳ. ಅವನು ಪಟ್ಟಕ್ಕೆ ಬಂದದ್ದು 1173ರಲ್ಲಿ. ದಕ್ಷಿಣ ಭಾರತಕ್ಕೆಂದೇ ಯಾರೋ ಮಾಡಿ ಹಂಚಿದ್ದ ಒಂದು ಮಾಡ್ (ಆಟವನ್ನು ಬದಲಿಸುವ ಫೈಲುಗಳ ಕಟ್ಟು) ಹಾಕಿಕೊಂಡು ಅವನ ವಂಶವೃಕ್ಷ ತೆರೆದೆ. ಅಪ್ಪ ನರಸಿಂಹ, ಸರಿ. ನರಸಿಂಹನ ತಾಯಿ ಶಾಂತಲೆ ಎಂದಿತ್ತು. ಅವನು ಹುಟ್ಟಿದ್ದು ಲಕ್ಷ್ಮೀದೇವಿಯ ಹೊಟ್ಟೆಯಲ್ಲಿ. ಶಾಂತಲೆ 1131ರಲ್ಲೇ ಶಿವಗಂಗೆಯಲ್ಲಿ ತೀರಿಕೊಂಡಳು. ಇನ್ನೂ ಮೇಲೆ ಹೋದರೆ ನರಸಿಂಹನ ಅಜ್ಜ ಎರೆಯಂಗನಿಗೆ, ನರಸಿಂಹನ ಅಪ್ಪ ವಿಷ್ಣುವರ್ಧನ ಒಬ್ಬನೇ ಮಗ. ಅಣ್ಣ ಒಂದನೆಯ ಬಲ್ಲಾಳನೂ ಇಲ್ಲ, ತಮ್ಮ ಉದಯಾದಿತ್ಯನೂ ಇಲ್ಲ.

ಅದೇ ಮಾಡ್‌ನ 1066ರ ಆರಂಭದಲ್ಲಿ ಇನ್ನೊಂದು. ವೆಂಗಿಯ ರಾಜೇಂದ್ರ, ಅಂದರೆ 1070ರಲ್ಲಿ ಕುಲೋತ್ತುಂಗನಾಗಿ ಚೋಳ ಸಿಂಹಾಸನ ಏರಿದವನು, ನೇರವಾಗಿ ಚೋಳ ವಂಶಕ್ಕೆ ಸೇರಿಬಿಟ್ಟಿದ್ದ. ಅಪ್ಪನ ಜಾಗ ಖಾಲಿ.

"ಆಟ ತಾನೆ, ಬಿಡು ಗುರು" ಎಂದ ಜಯನಗರದ ಗೆಳೆಯ. ಆದರೆ ಈ ಆಟದಲ್ಲಿ ವಂಶವೃಕ್ಷ ಅಲಂಕಾರಕ್ಕಿಲ್ಲ. ಹಕ್ಕು, ಉತ್ತರಾಧಿಕಾರ, ಮದುವೆಯ ಲೆಕ್ಕಾಚಾರ ಎಲ್ಲವೂ ಅದರ ಮೇಲೇ ನಿಂತಿವೆ. ಕುಲೋತ್ತುಂಗನನ್ನೇ ನೋಡಿ. ಅಪ್ಪ ವೆಂಗಿ ಚಾಲುಕ್ಯರ ರಾಜರಾಜ ನರೇಂದ್ರ, ತಾಯಿ ಅಮ್ಮಂಗದೇವಿ ಒಂದನೆಯ ರಾಜೇಂದ್ರ ಚೋಳನ ಮಗಳು. ಎದುರು ಪಾಳೆಯದಲ್ಲಿದ್ದ ಕಲ್ಯಾಣದ ಆರನೆಯ ವಿಕ್ರಮಾದಿತ್ಯ ವೀರರಾಜೇಂದ್ರ ಚೋಳನ ಅಳಿಯ. ಆ ಕಾಲದ ಜಗಳವೆಲ್ಲ ಹುಟ್ಟಿದ್ದು ಈ ನಂಟಿನಿಂದಲೇ. ಅಪ್ಪನ ಹೆಸರು ಅಳಿಸಿದರೆ ಜಗಳದ ಬೇರೇ ಹೋಯಿತು. ಹಾಗಾಗಿ ಇರುವ ದಾರಿಗಳನ್ನೆಲ್ಲ ಹಿಡಿದು ನೋಡಿದೆ. ನನ್ನ ಒರೆಗಲ್ಲು ಒಂದೇ: ತಿದ್ದುಪಡಿ ಸತ್ತವರಿಗೂ ತಲುಪುತ್ತದೆಯೇ? ವಂಶವೃಕ್ಷದಲ್ಲಿ ಬದುಕಿರುವವರಿಗಿಂತ ಸತ್ತವರೇ ಜಾಸ್ತಿ.

ರೂಲರ್ ಡಿಸೈನರ್ ಸಾಲದೇ ಎಂದು ಕೇಳುವವರಿದ್ದಾರೆ. ಅದು ಹೊಸ ಅರಸನನ್ನು ಮಾಡಿಕೊಳ್ಳುವುದಕ್ಕೆ, ಇರುವ ವಂಶದ ಹಿಂದಿನ ತಲೆಮಾರನ್ನು ತಿದ್ದುವುದಕ್ಕಲ್ಲ. ಈ ಕೆಲಸಕ್ಕೆ ಬರುವುದಿಲ್ಲ.

ಕನ್ಸೋಲ್, ಅಂದರೆ ಆಟದೊಳಗೇ ಆದೇಶ ಟೈಪ್ ಮಾಡುವ ಕಿಟಕಿ, ಎಲ್ಲಕ್ಕಿಂತ ಬೇಗ. ಸ್ಟೀಮ್‌ನ ಲಾಂಚ್ ಆಪ್ಷನ್ಸ್‌ನಲ್ಲಿ ಡಿಬಗ್ ಮೋಡ್ (ದೋಷ ಪತ್ತೆಯ ಸ್ಥಿತಿ) ಹಾಕಿ ಆಟ ತೆರೆದರೆ, ಯಾರ ಮೇಲೆ ಮೌಸ್ ಇಟ್ಟರೂ ಅವರ ಐಡಿ ಸಂಖ್ಯೆ ಕಾಣುತ್ತದೆ. ರಾಜೇಂದ್ರನಾಗಿ ಆಡುತ್ತಾ, ಎಫೆಕ್ಟ್ ಕಮಾಂಡಿನಲ್ಲಿ ಸೆಟ್ ಫಾದರ್ ಎಂದು ಬರೆದು ರಾಜರಾಜ ನರೇಂದ್ರನ ಐಡಿ ಕೊಟ್ಟೆ. ಕಣ್ಣೆದುರೇ ಅಪ್ಪ ಬಂದು ಕೂತ. ಆದರೆ ಮಗ ಚೋಳನಾಗಿಯೇ ಉಳಿದ. ಅಪ್ಪ ಬದಲಾದ ಮಾತ್ರಕ್ಕೆ ಮನೆತನ ಬದಲಾಗುವುದಿಲ್ಲ, ಅದಕ್ಕೆ ಸೆಟ್ ಹೌಸ್ ಬೇರೆ ಕೊಡಬೇಕು. ಇದಿಷ್ಟೂ ಬದುಕಿರುವವರ ಮಾತು. ಶಾಂತಲೆ, ಎರೆಯಂಗರ ಕಾಲಕ್ಕೆ ಹೋದರೆ ಕನ್ಸೋಲ್ ಕೈ ಚೆಲ್ಲುತ್ತದೆ. ಒಂದನೆಯ ಬಲ್ಲಾಳ ಫೈಲಿನಲ್ಲೇ ಇಲ್ಲದಿದ್ದರೆ ಅವನನ್ನು ಎಲ್ಲಿಂದ ಕರೆತರುವುದು? ಮತ್ತೆ ಹೊಸ ಆಟ ಶುರು ಮಾಡಿದರೆ ತಿದ್ದಿದ್ದೆಲ್ಲ ಹೋಗುತ್ತದೆ.

ಸೇವ್ ಫೈಲ್, ಅಂದರೆ ನಡುವೆ ನಿಲ್ಲಿಸಿದ ಆಟ ಉಳಿಸಿದ ಫೈಲ್, ತಿದ್ದುವುದು ಇದಕ್ಕಿಂತ ಆಳಕ್ಕೆ ಹೋಗುತ್ತದೆ. ಡಿಬಗ್ ಮೋಡ್‌ನಲ್ಲಿ ಸೇವ್ ಮಾಡಿದರೆ ಅದು ಓದಬಹುದಾದ ಪಠ್ಯವಾಗಿ ಸಿಗುತ್ತದೆ. ಹಿಂದಿನ ಸೇವ್‌ಗೆ ಮರಳಲು ಬಿಡದ ಐರನ್‌ಮ್ಯಾನ್ ಬಗೆಯ ಆಟವಾದರೆ ಆ ಆಸೆ ಬಿಡಿ. ಫೈಲ್ ದೊಡ್ಡದು, ಮಾಮೂಲಿ ನೋಟ್‌ಪ್ಯಾಡ್ ಏದುಸಿರು ಬಿಡುತ್ತದೆ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಆದರೆ ಪರವಾಗಿಲ್ಲ. ಇಲ್ಲಿ ನಂಟು ಬರೆದಿರುವ ರೀತಿಯೇ ತಿರುಗುಮುರುಗು: ಮಗುವಿನ ಹೆಸರಿನಡಿ ತಾಯಿಯನ್ನು ಹುಡುಕಿದರೆ ಸಿಗುವುದಿಲ್ಲ, ತಾಯಿಯ ಹೆಸರಿನಡಿ ಮಕ್ಕಳ ಐಡಿಗಳ ಪಟ್ಟಿ ಇರುತ್ತದೆ. ಶಾಂತಲೆಯ ಪಟ್ಟಿಯಿಂದ ನರಸಿಂಹನ ಸಂಖ್ಯೆ ಕಿತ್ತು ಲಕ್ಷ್ಮೀದೇವಿಯ ಪಟ್ಟಿಗೆ ಹಾಕಬೇಕು. ಒಂದು ಆವರಣ ಚಿಹ್ನೆ ತಪ್ಪಿದರೂ ಸೇವ್ ತೆರೆಯುವುದಿಲ್ಲ, ಮೊದಲೇ ಒಂದು ಪ್ರತಿ ಎತ್ತಿಡಿ. ದೊಡ್ಡ ಅಡ್ಡಿ ಬೇರೆಯೇ ಇದೆ. ಇನ್ನು ಬೇಕಿಲ್ಲ ಎಂದುಕೊಂಡ ಮೃತರನ್ನು ಆಟ ಕಾಲಕ್ರಮೇಣ ಅಳಿಸಿಹಾಕುತ್ತದೆ. ತಲೆಮಾರುಗಳಷ್ಟು ಮುಂದೆ ಹೋದ ಆಟದಲ್ಲಿ ನೀವು ತಿದ್ದಬೇಕೆಂದಿದ್ದ ವ್ಯಕ್ತಿಯೇ ಇಲ್ಲದಿರಬಹುದು. ಆದರೂ ಅರ್ಧ ದಾರಿ ಬಂದ ಆಟ ಬಿಡಲು ಮನಸ್ಸಿಲ್ಲದವರಿಗೆ ಇದೇ ಗತಿ.

ನನಗೆ ಒಪ್ಪಿಗೆಯಾದದ್ದು ಸ್ವಂತ ಮಾಡ್. ಆಟಕ್ಕೂ ಮೊದಲು ತೆರೆಯುವ ಲಾಂಚರ್‌ನಲ್ಲೇ ಖಾಲಿ ಮಾಡ್ ಒಂದನ್ನು ಸೃಷ್ಟಿಸಿ, ಅದರೊಳಗೆ ಹಿಸ್ಟರಿ ಫೋಲ್ಡರ್, ಅದರಡಿ ಕ್ಯಾರೆಕ್ಟರ್ಸ್ ಫೋಲ್ಡರ್ ಮಾಡಬೇಕು. ತಪ್ಪಿರುವ ಫೈಲನ್ನು ಅದೇ ಹೆಸರಿನಲ್ಲಿ ಅಲ್ಲಿಗೆ ನಕಲಿಸಿ, ಪ್ಲೇಸೆಟ್‌ನಲ್ಲಿ (ಬಳಸುವ ಮಾಡ್‌ಗಳ ಪಟ್ಟಿಯಲ್ಲಿ) ನಮ್ಮದನ್ನು ಕೆಳಗಿಟ್ಟರೆ ಮೂಲದ ಬದಲು ಇದನ್ನೇ ಆಟ ಓದುತ್ತದೆ. ಇಲ್ಲಿ ಬರವಣಿಗೆ ಸಲೀಸು: ಪ್ರತಿ ವ್ಯಕ್ತಿಗೂ ಒಂದು ಐಡಿ, ಹೆಸರು, ವಂಶ, ಧರ್ಮ, ಸಂಸ್ಕೃತಿ, ಆಮೇಲೆ ಫಾದರ್ ಒಂದು ಸಾಲು, ಮದರ್ ಒಂದು ಸಾಲು, ಕೊನೆಗೆ ಹುಟ್ಟು ಸಾವಿನ ತಾರೀಖು. ನರಸಿಂಹನ ಮದರ್ ಸಾಲಿನಲ್ಲಿ ಸಂಖ್ಯೆ ಬದಲಾಯಿಸಿದೆ, ಮುಗಿಯಿತು. ಒಂದನೆಯ ಬಲ್ಲಾಳನಿಗೂ ಉದಯಾದಿತ್ಯನಿಗೂ ಹೊಸ ಐಡಿ ಕೊಟ್ಟು, ಅಪ್ಪ ಎರೆಯಂಗ, ತಾಯಿ ಏಚಲದೇವಿ ಎಂದು ಬರೆದೆ.

ಬಲ್ಲಾಳನ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಅವನು 1102ರಿಂದ 1108ರವರೆಗೆ ಆಳಿದವನು. ಹಿಂದೆ ಅದೇ ಹೆಸರಿನವರು ಪಟ್ಟವೇರಿದ್ದರೆ ಮಾತ್ರ ಆಟ ಅರಸನ ಹೆಸರಿನ ಮುಂದೆ ಎರಡು ಎಂಬ ಅಂಕಿ ಹಾಕುತ್ತದೆ. ಹಿಸ್ಟರಿ ಫೋಲ್ಡರಿನ ಟೈಟಲ್ಸ್ ಫೈಲಿನಲ್ಲೂ (ಯಾವ ಪಟ್ಟದಲ್ಲಿ ಯಾರು ಯಾವಾಗ ಕೂತರು ಎಂಬ ಪಟ್ಟಿ) 1102ಕ್ಕೆ ಅವನನ್ನೂ 1108ಕ್ಕೆ ವಿಷ್ಣುವರ್ಧನನನ್ನೂ ಕೂರಿಸಿದ ಮೇಲೆಯೇ ವೀರಬಲ್ಲಾಳ ಇಮ್ಮಡಿಯಾದದ್ದು. ಆರು ವರ್ಷ ಆಳಿದ ಅಣ್ಣನನ್ನು ಪಟ್ಟಿಯಿಂದ ಬಿಟ್ಟರೆ ತಮ್ಮನ ಮೊಮ್ಮಗನ ಹೆಸರೇ ಕೆಡುತ್ತದೆ ಎಂಬುದು ಕನ್ಸೋಲ್ ಹಿಡಿದು ಕೂತಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಇದರ ತೊಡಕುಗಳೂ ಇವೆ. ಹಿಸ್ಟರಿ ಫೈಲನ್ನು ಆಟ ಓದುವುದು ಹೊಸ ಆಟದ ಶುರುವಿನಲ್ಲಿ ಮಾತ್ರ, ನಡೆಯುತ್ತಿರುವ ಆಟಕ್ಕೆ ಇದು ತಾಗುವುದಿಲ್ಲ. ಫೈಲನ್ನು ಯುಟಿಎಫ್-8 ಬಿಓಎಂ ಎಂಬ ಅಕ್ಷರ ಸಂಕೇತದಲ್ಲೇ ಉಳಿಸಬೇಕು. ಪ್ರತಿ ಸಲ ಲಾಗ್ಸ್ ಫೋಲ್ಡರಿನ ಎರರ್ ಲಾಗ್ (ತಪ್ಪುಗಳ ದಾಖಲೆ) ತೆರೆದು ನೋಡುವ ಅಭ್ಯಾಸವೂ ಬೇಕು.

ಯಾವ ದಾರಿ ಹಿಡಿದರೂ ಬರೆಯುವುದು ಸರಿಯಿರಬೇಕಲ್ಲ. ಅಂತರ್ಜಾಲದ ವಂಶಾವಳಿ ಚಿತ್ರಗಳನ್ನು ನಂಬಬೇಡಿ, ಒಂದರ ತಪ್ಪು ಇನ್ನೊಂದಕ್ಕೆ ಹಬ್ಬಿರುತ್ತದೆ. ಬೆಂಗಳೂರಿನಲ್ಲಿರುವವರಿಗೆ ನೃಪತುಂಗ ರಸ್ತೆಯಲ್ಲೇ 1909ರಲ್ಲಿ ಶುರುವಾದ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ ಇದೆ. ಆ ರಸ್ತೆಗೆ ಹೆಸರು ಕೊಟ್ಟ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ 867ರ ಆರಂಭಕ್ಕೆ ಮಾನ್ಯಖೇಟದಲ್ಲಿ ಇರಬೇಕಾದ ಅರಸ. ಅವನ ವಂಶ ತಿದ್ದುವವರು ಒಂದು ಕಡೆ ಹುಷಾರಾಗಿರಿ: 914ರಲ್ಲಿ ಇಮ್ಮಡಿ ಕೃಷ್ಣನ ನಂತರ ಬಂದ ಮುಮ್ಮಡಿ ಇಂದ್ರ ಅವನ ಮಗನಲ್ಲ, ಮೊಮ್ಮಗ. ನಡುವಿನ ಜಗತ್ತುಂಗ ಪಟ್ಟವೇರುವ ಮೊದಲೇ ತೀರಿಕೊಂಡ. ಟೈಟಲ್ಸ್ ಫೈಲಿನಲ್ಲಿ ಅವನಿಗೆ ಜಾಗವಿಲ್ಲ, ಕ್ಯಾರೆಕ್ಟರ್ಸ್ ಫೈಲಿನಲ್ಲಿ ಇರಲೇಬೇಕು.

ನಾನು ಪ್ರತಿ ತಿದ್ದುಪಡಿಯ ಪಕ್ಕ ಹ್ಯಾಶ್ ಗುರುತು ಹಾಕಿ ಅದು ಯಾವ ಶಾಸನದ ಆಧಾರದ್ದು ಎಂದು ಬರೆದಿಡುತ್ತೇನೆ. ಆ ಗುರುತಿನ ಮುಂದಿನದನ್ನು ಆಟ ಓದುವುದಿಲ್ಲ. ಅಪ್‌ಡೇಟ್ ಬಂದು ಮೂಲ ಫೈಲ್ ಬದಲಾದಾಗ ನಮ್ಮ ಸಾಲುಗಳನ್ನು ಹೊಸದಕ್ಕೆ ಎತ್ತಿ ಹಾಕಲು ಅದು ಬೇಕಾಗುತ್ತದೆ.